ಬಸಿರು, ಬಾಣಂತನ ಮತ್ತು ನನ್ನ ಥೈರಾಯ್ಡ್

ಮೊದಲ ಬಸಿರಿನ ಎಂಟನೆಯ ವಾರದಲ್ಲಿ ಶಿವಮೊಗ್ಗದ ನಮ್ಮ ಹೆರಿಗೆ ವೈದ್ಯರು ಬರೆದುಕೊಟ್ಟ ಪರೀಕ್ಷೆಗಳ ಚೀಟಿಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ ಇವುಗಳ ಕೆಳಗೆ ಟಿಎಸ್‌ಎಚ್ ಎಂದೂ ಇತ್ತು. ಅದನ್ನು ನಾನು ಗಮನಿಸಿರಲಿಲ್ಲ. ಮರುದಿನ ಬಂದ ವರದಿಯಲ್ಲಿ ಉಳಿದೆಲ್ಲವೂ ಸರಿಯಾಗಿದ್ದು, ಆ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ 6.8 ಎಂದು ತೋರಿಸುತ್ತಿತ್ತು. ಪ್ರಯೋಗಾಲಯ ಮುದ್ರಿಸಿದ್ದ ಮಿತಿ 4.5 ಆಗಿದ್ದುದರಿಂದ, ಸ್ವಲ್ಪವೇ ಹೆಚ್ಚಾಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೇ ವೈದ್ಯರ ಎದುರು ಕುಳಿತೆ.

ಅವರು ಆ ಸಮಾಧಾನವನ್ನು ಒಪ್ಪಲಿಲ್ಲ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಅಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ಆಜ್ಞೆ. ಥೈರಾಯ್ಡ್ ಸೊರಗಿದಷ್ಟೂ ಆ ಆಜ್ಞೆ ಜೋರಾಗುತ್ತದೆ ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಗರ್ಭ ನಿಂತಾಗ ಹೆಚ್ಚುವ ಎಚ್‌ಸಿಜಿ ಎಂಬ ಹಾರ್ಮೋನ್ ತಾನೇ ಥೈರಾಯ್ಡನ್ನು ಪ್ರಚೋದಿಸುವುದರಿಂದ ಟಿಎಸ್‌ಎಚ್ ಎಂದಿಗಿಂತ ಕೆಳಗಿಳಿಯಬೇಕು. ಅಂಥ ದಿನಗಳಲ್ಲಿ 6.8 ಬಂದರೆ ಅದನ್ನು ಸ್ವಲ್ಪ ಎನ್ನಲಾಗದು. ಮಗುವಿನ ಸ್ವಂತ ಥೈರಾಯ್ಡ್ ಹನ್ನೆರಡನೆಯ ವಾರದ ಸುಮಾರಿಗೆ ಕೆಲಸ ಆರಂಭಿಸಿದರೂ, ಬಸಿರಿನ ಅರ್ಧದವರೆಗೆ ಅದು ಬಹುಮಟ್ಟಿಗೆ ತಾಯಿಯ ಥೈರಾಯ್ಡ್ ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ, ಮಿದುಳು ರೂಪುಗೊಳ್ಳುವುದೂ ಇದೇ ಕಾಲದಲ್ಲಿ. ಆ ಮಾತು ಕೇಳಿದ ಮೇಲೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅಂದೇ ಇನ್ನೊಮ್ಮೆ ರಕ್ತ ಕೊಟ್ಟೆ. ಆ್ಯಂಟಿ ಟಿಪಿಒ ಎಂಬ ಪ್ರತಿಕಾಯಗಳು ಹೆಚ್ಚಾಗಿರುವುದು ಗೊತ್ತಾಯಿತು. ನನ್ನದೇ ದೇಹದ ರಕ್ಷಣಾ ವ್ಯವಸ್ಥೆ ನನ್ನ ಥೈರಾಯ್ಡನ್ನು ಪರಕೀಯವೆಂದು ತಿಳಿದು ಸವೆಸುತ್ತಿತ್ತು. ಜಪಾನಿನ ವೈದ್ಯ ಹಾಶಿಮೋಟೊ 1912ರಲ್ಲಿ ಮೊದಲ ಬಾರಿಗೆ ವಿವರಿಸಿದ ಕಾಯಿಲೆ ಇದೇ ಎಂದೂ, ಅದು ಯಾವ ತಪ್ಪಿನಿಂದಲೂ ಬಂದದ್ದಲ್ಲವೆಂದೂ ವೈದ್ಯರು ಹೇಳಿದರು.

ಸುದ್ದಿ ತವರಿಗೆ ತಲುಪಿದಾಗ ಅಮ್ಮನಿಗೆ ಕೂಡಲೇ ನೆನಪಾದದ್ದು ತನ್ನ ಅಜ್ಜಿಯ ಕೊರಳು. ನಮ್ಮ ತವರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಆ ಕಡೆಯ ಹಳೆಯ ತಲೆಮಾರಿನವರಲ್ಲಿ, ಅಯೋಡಿನ್ ಸಾಲದೆ ಥೈರಾಯ್ಡ್ ಊದಿ ಕೊರಳು ಉಬ್ಬುವ ಗಳಗಂಡ ಅಪರೂಪದ ಸಂಗತಿಯಾಗಿರಲಿಲ್ಲ. ಮಳೆ ಸುರಿದು ಸುರಿದು ಮಣ್ಣಿನ ಅಯೋಡಿನ್ ಕೊಚ್ಚಿ ಹೋಗುವ ಪ್ರದೇಶಗಳಲ್ಲಿ ಅದು ಸಹಜವೆಂದೂ, 1962ರಲ್ಲಿ ಕೇಂದ್ರ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಉಪ್ಪಿಗೆ ಅಯೋಡಿನ್ ಬೆರೆಸುವುದನ್ನು ಕೈಗೆತ್ತಿಕೊಂಡಿತೆಂದೂ ನಾನು ಓದಿದ್ದೆ. ಅಮ್ಮ ಮಾತ್ರ ಅದರಿಂದ ಬೇರೆಯೇ ತೀರ್ಮಾನಕ್ಕೆ ಬಂದಿದ್ದಳು: ಮಗಳಿಗೆ ಉಪ್ಪು ಸಾಲದು. ಊಟದ ಎಲೆಗೆ ಒಂದು ಚಿಟಿಕೆ ಹೆಚ್ಚಿಗೆ ಬಡಿಸತೊಡಗಿದಳು. ನೆರೆಮನೆಯವರು ಎಲೆಕೋಸು, ಹೂಕೋಸು ಮುಟ್ಟಲೇಬಾರದೆಂದರು. ಎರಡನ್ನೂ ವೈದ್ಯರಲ್ಲಿ ಕೇಳಿದೆ. ಬಸುರಿಯರಿಗೆ ದಿನಕ್ಕೆ 250 ಮೈಕ್ರೋಗ್ರಾಂನಷ್ಟು ಅಯೋಡಿನ್ ಬೇಕಾಗುವುದು ನಿಜವಾದರೂ, ನನ್ನ ತೊಂದರೆ ಅಯೋಡಿನ್ ಕೊರತೆಯದಲ್ಲವಾದ್ದರಿಂದ ಮನೆಯಲ್ಲಿ ಬಳಸುವ ಅಯೋಡಿನ್‌ಯುಕ್ತ ಉಪ್ಪೇ ಸಾಕು, ಅದನ್ನು ಹೆಚ್ಚಿಸಿದರೆ ರಕ್ತದೊತ್ತಡ ಹೆಚ್ಚೀತೇ ಹೊರತು ಥೈರಾಯ್ಡ್ ಸುಧಾರಿಸದು. ಬೇಯಿಸಿದ ಕೋಸನ್ನು ಎಲ್ಲರಂತೆ ತಿನ್ನಬಹುದು ಎಂದರು.

ಚಿಕಿತ್ಸೆಯೆಂದರೆ ದಿನಕ್ಕೊಂದು 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ಕೃತಕವಾಗಿ ತಯಾರಿಸಿದ ಥೈರಾಕ್ಸಿನ್) ಮಾತ್ರೆ, ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ, ಟಿಎಸ್‌ಎಚ್ ಅನ್ನು 2.5ಕ್ಕಿಂತ ಕೆಳಗಿರಿಸುವ ಗುರಿ. ಹನ್ನೆರಡನೆಯ ವಾರದಲ್ಲಿ ಅದು 2.3ಕ್ಕೆ ಇಳಿದಿತ್ತು. ಮಾತ್ರೆ ನುಂಗುವುದೊಂದೇ ನನ್ನ ಕೆಲಸ, ಉಳಿದದ್ದು ಅದರ ಪಾಡಿಗೆ ನಡೆಯುತ್ತದೆ ಎಂದುಕೊಂಡೆ. ಹದಿನಾರನೆಯ ವಾರದ ವರದಿ 5.2 ಎಂದಾಗ ನನ್ನ ಕೈಕಾಲು ತಣ್ಣಗಾದವು, ಏಕೆಂದರೆ ಆ ನಾಲ್ಕು ವಾರಗಳಲ್ಲಿ ಒಂದು ದಿನವೂ ನಾನು ಮಾತ್ರೆ ತಪ್ಪಿಸಿರಲಿಲ್ಲ.

ವೈದ್ಯರು ವರದಿಯನ್ನು ಬದಿಗಿಟ್ಟು, “ಮಾತ್ರೆ ಎಷ್ಟು ಗಂಟೆಗೆ ತಗೋತೀರಿ? ಅದರ ಜೊತೆಗೆ ಇನ್ನೇನು ತಗೋತೀರಿ?” ಎಂದು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹದಿಮೂರನೆಯ ವಾರದಿಂದ ಕಬ್ಬಿಣಾಂಶದ ಮಾತ್ರೆ, ಸುಣ್ಣದ ಅಂಶಕ್ಕಾಗಿ ಕ್ಯಾಲ್ಸಿಯಂ ಮಾತ್ರೆ ಆರಂಭವಾಗಿದ್ದವು. ಮರೆಯಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ನಾನು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿಟ್ಟುಕೊಂಡು, ಬೆಳಗ್ಗೆ ಒಮ್ಮೆಗೇ ನುಂಗಿ, ಹಿಂದೆಯೇ ಕಾಫಿ ಕುಡಿಯುತ್ತಿದ್ದೆ. ಕಾಫಿಯ ನಾಡಿನಲ್ಲಿ ಹುಟ್ಟಿದ ನನಗೆ ಮುಖ ತೊಳೆದ ಕೂಡಲೇ ಕೈಗೆ ಲೋಟ ಬರುವುದು ಬಾಲ್ಯದಿಂದ ಬಂದ ಕ್ರಮ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಕರುಳಿನಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ, ಕಾಫಿಯೂ ಹೀರಿಕೆಯನ್ನು ಕಡಿಮೆ ಮಾಡುತ್ತದೆ ಎಂದು ಆಗ ತಿಳಿಯಿತು. ನಾನು ದಿನವೂ ನುಂಗಿದ ಮಾತ್ರೆಯ ಎಷ್ಟು ಭಾಗ ಮಗುವಿಗೆ ದಕ್ಕಿತ್ತೋ ಎಂದು ಆ ರಾತ್ರಿ ಲೆಕ್ಕ ಹಾಕುತ್ತಾ ಎಚ್ಚರವಾಗಿಯೇ ಇದ್ದೆ.

ಬಸಿರು ಬೆಳೆದಂತೆ ಥೈರಾಕ್ಸಿನ್ ಅಗತ್ಯ ಹೇಗೂ ಹೆಚ್ಚುವುದರಿಂದ ವೈದ್ಯರು ಮಾತ್ರೆಯನ್ನು 75ಕ್ಕೆ ಏರಿಸಿದರು. ಅದಕ್ಕಿಂತ ಮುಖ್ಯವಾಗಿ ಗಡಿಯಾರವನ್ನು ಸರಿಪಡಿಸಿದರು. ಬೆಳಗ್ಗೆ ಐದೂವರೆಗೆ ಎಚ್ಚರಿಕೆಯ ಗಂಟೆ ಬಾರಿಸಿದರೆ ಹಾಸಿಗೆಯ ಪಕ್ಕದಲ್ಲೇ ಇಟ್ಟ ನೀರಿನೊಂದಿಗೆ ಥೈರಾಯ್ಡ್ ಮಾತ್ರೆ ನುಂಗಿ ಮತ್ತೆ ಮಲಗುತ್ತಿದ್ದೆ. ಆರೂವರೆಗೆ ಕಾಫಿ. ಎಂಟೂವರೆಗೆ ತಿಂಡಿ. ನಾನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುವವಳಾದ್ದರಿಂದ ಹನ್ನೊಂದು ಗಂಟೆಯ ಬಿಡುವಿನಲ್ಲಿ ನಿಂಬೆಹಣ್ಣಿನ ಪಾನಕದೊಂದಿಗೆ ಕಬ್ಬಿಣದ ಮಾತ್ರೆ, ಮಧ್ಯಾಹ್ನದ ಊಟಕ್ಕೊಂದು ರಾತ್ರಿಯ ಊಟಕ್ಕೊಂದು ಕ್ಯಾಲ್ಸಿಯಂ. ಥೈರಾಯ್ಡ್ ಮಾತ್ರೆಗೂ ಇವಕ್ಕೂ ಕನಿಷ್ಠ ನಾಲ್ಕು ಗಂಟೆಗಳ ಅಂತರ ಇರಲೇಬೇಕಾದ್ದರಿಂದ, ಐದೂವರೆ ಎಂಬ ಹೊತ್ತನ್ನು ಹಿಡಿದರೆ ಇಡೀ ದಿನ ತಾನಾಗಿ ಸರಿಯಾಗುತ್ತಿತ್ತು. ಒಂದು ಸಣ್ಣ ಸಂಗತಿಯನ್ನೂ ಇಲ್ಲಿ ಹೇಳಬೇಕು: ಈ ಮಾತ್ರೆ ಬಿಸಿಲು, ತೇವ, ಸೆಕೆಗಳಿಗೆ ಬೇಗ ಕೆಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಒಲೆಯ ಪಕ್ಕದ ಗೂಡಿನಲ್ಲಿಡುವುದು, ಬೇರೆ ಡಬ್ಬಿಗೆ ಸುರಿದಿಡುವುದು ಎರಡೂ ಸಲ್ಲದು. ಅದು ಬಂದ ಸೀಸೆಯಲ್ಲೇ ಮುಚ್ಚಳ ಬಿಗಿದು ಇಡಬೇಕು. ಇಪ್ಪತ್ತನೆಯ ವಾರದಲ್ಲಿ ಟಿಎಸ್‌ಎಚ್ 2.1 ಆಗಿತ್ತು, ಮೂವತ್ತನೆಯ ವಾರದಲ್ಲಿ 1.7. ಉಳಿದ ಬಸಿರು ನೆಮ್ಮದಿಯಿಂದ ಕಳೆಯಿತು.

ಮೂವತ್ತೊಂಬತ್ತನೆಯ ವಾರದಲ್ಲಿ ಮಗಳು ಸಹಜವಾಗಿ ಹುಟ್ಟಿದಳು. ಮೂರನೆಯ ದಿನ ದಾದಿ ಬಂದು ಅವಳ ಹಿಮ್ಮಡಿ ಚುಚ್ಚಿ ನಾಲ್ಕಾರು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ತೆಗೆದುಕೊಂಡಾಗ ಅವಳಿಗಿಂತ ಹೆಚ್ಚು ನಾನೇ ಅತ್ತೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಶಿಶುಗಳಲ್ಲಿ ಮೊದಲಿಗೆ ಯಾವ ಲಕ್ಷಣವೂ ಕಾಣಿಸದಿರಬಹುದು, ಆದರೆ ಮೊದಲ ವಾರಗಳಲ್ಲೇ ಪತ್ತೆ ಹಚ್ಚಿ ಔಷಧ ಕೊಟ್ಟರೆ ಅವು ಎಲ್ಲ ಮಕ್ಕಳಂತೆಯೇ ಬೆಳೆಯುತ್ತವೆ. ಈ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ನಡೆಯುವುದಿಲ್ಲವಾದ್ದರಿಂದ, ತಾಯಿಗೆ ಥೈರಾಯ್ಡ್ ಇರಲಿ ಇಲ್ಲದಿರಲಿ, ಹೆರಿಗೆಗೆ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಮಗಳ ವರದಿ ಸರಿಯಾಗಿತ್ತು.

ನನ್ನ ಮಾತ್ರೆಯನ್ನು ಹೆರಿಗೆಯಾದ ಕೂಡಲೇ 25ಕ್ಕೆ ಇಳಿಸಿದರು. ಆರನೆಯ ವಾರದ ಪರೀಕ್ಷೆಯಲ್ಲಿ ಟಿಎಸ್‌ಎಚ್ 1.6 ಇದ್ದುದರಿಂದ ಅದನ್ನೂ ನಿಲ್ಲಿಸಿದರು. “ಪ್ರತಿಕಾಯಗಳು ಇರೋದರಿಂದ ಇನ್ನಾರು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ, ಒಂದು ವರ್ಷದವರೆಗೂ ಗಮನ ಇರಲಿ” ಎಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದ್ದರು. ಮಾತ್ರೆ ನಿಂತಿತೆಂಬ ಸಂತೋಷದಲ್ಲಿ ನಾನು ಆ ಮಾತಿನ ಮೊದಲರ್ಧವನ್ನಷ್ಟೇ ಮನಸ್ಸಿಗೆ ತೆಗೆದುಕೊಂಡೆ. ತೀರ್ಥಹಳ್ಳಿ ದಾಟಿ ತವರು ಸೇರಿದ ಮೇಲೆ ಅದನ್ನೂ ಮರೆತೆ. ಈ ಕಥನವನ್ನು ಬರೆಯಲು ಕುಳಿತದ್ದೇ ಆ ಮರೆವಿನ ಮುಂದೆ ನಡೆದದ್ದನ್ನು ಹೇಳುವುದಕ್ಕಾಗಿ.

ಹದಿಮೂರನೆಯ ವಾರದ ಹೊತ್ತಿಗೆ ನನ್ನ ಎದೆ ಕಾರಣವಿಲ್ಲದೆ ಡವಗುಟ್ಟಲು ತೊಡಗಿತು. ಮಗು ಮಲಗಿದ್ದಾಗಲೂ ನನಗೆ ನಿದ್ದೆ ಇಲ್ಲ. ಬೆವರು ಕಿತ್ತು ಬರುತ್ತಿತ್ತು, ಮಗಳ ಅಂಗಿಯ ದಾರ ಕಟ್ಟುವಾಗ ಬೆರಳು ನಡುಗುತ್ತಿದ್ದವು. ಹಂಡೆಯ ಬಿಸಿನೀರಿನ ಸ್ನಾನ, ಕಾಳುಮೆಣಸಿನ ಸಾರು, ಕಿವಿಗೆ ಕಟ್ಟಿದ ಬಟ್ಟೆ, ಬಾಗಿಲು ಮುಚ್ಚಿದ ಕೋಣೆ ಇವುಗಳ ನಡುವೆ ಬೆವರುವುದರಲ್ಲಿ ವಿಶೇಷವೇನೂ ಇಲ್ಲವೆಂದು ಎಲ್ಲರಿಗೂ ಅನಿಸಿತು. “ಬಾಣಂತಿ ಮೈ ಹಾಗೇ ಮಗಾ, ಕಾವು ಜಾಸ್ತಿ” ಎಂದು ಅಮ್ಮ ಹಣೆ ಒರೆಸಿದಳು. ಹೊಟ್ಟೆ ತುಂಬ ಉಣ್ಣುತ್ತಿದ್ದರೂ ತೂಕ ಬಸಿರಿಗೆ ಮುಂಚಿನದಕ್ಕಿಂತ ಮೂರು ಕಿಲೋ ಕೆಳಗೆ ಹೋಗಿತ್ತು. ನೋಡಲು ಬಂದ ನೆಂಟರು ಅದನ್ನು ಹೊಗಳಿದರು. ಹದಿನಾಲ್ಕನೆಯ ವಾರದ ಲಸಿಕೆಗೆಂದು ಮಗಳನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಾಗ ನನ್ನ ನಾಡಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಡಿಯುತ್ತಿದ್ದಿರಬೇಕು. ಅಲ್ಲಿ ಮಗುವಿನ ತೂಕ ಬರೆದರು, ಮಗುವಿಗೆ ಚುಚ್ಚಿದರು, ಮುಂದಿನ ದಿನಾಂಕ ಹೇಳಿದರು. ನನ್ನ ಕಡೆ ಯಾರೂ ನೋಡಲಿಲ್ಲ, ನಾನೂ ಏನೂ ಹೇಳಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಕೂದಲು ಹಿಡಿ ಹಿಡಿಯಾಗಿ ಉದುರಿತು. ಹೆರಿಗೆಯ ನಂತರ ಕೂದಲು ಉದುರುವುದು ಎಷ್ಟೋ ಜನರಿಗೆ ಸಹಜವೇ ಆದ್ದರಿಂದ, ಬಂಧುವೊಬ್ಬರು ಹೇಳಿದ ಬಯೋಟಿನ್ ಎಂಬ ಜೀವಸತ್ವದ 10 ಮಿಲಿಗ್ರಾಂ ಮಾತ್ರೆಯನ್ನು ವೈದ್ಯರನ್ನು ಕೇಳದೆಯೇ ತಿನ್ನತೊಡಗಿದೆ. ಒಂದು ಸಂಜೆ ಅಂಗಳದಿಂದ ಜಗುಲಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ ಕುಳಿತುಬಿಟ್ಟಾಗ ಅಪ್ಪ ಮರುಮಾತಿಲ್ಲದೆ ಹತ್ತಿರದ ಒಂದು ಆಸ್ಪತ್ರೆಗೆ ಕರೆದೊಯ್ದರು. ಟಿಎಸ್‌ಎಚ್ 0.01ಕ್ಕೆ ಕುಸಿದಿತ್ತು, ಫ್ರೀ ಟಿ4, ಅಂದರೆ ರಕ್ತದಲ್ಲಿ ಮುಕ್ತವಾಗಿರುವ ಥೈರಾಕ್ಸಿನ್, 3.4ಕ್ಕೆ ಏರಿತ್ತು. ಬಸಿರಿನಲ್ಲಿ ಕಡಿಮೆಯಾಗಿದ್ದ ಹಾರ್ಮೋನ್ ಈಗ ಮಿತಿ ಮೀರಿತ್ತು. ಇದು ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯೇ ಇರಬೇಕೆಂದು ಅಲ್ಲಿಯ ವೈದ್ಯರು ಕಾರ್ಬಿಮಜೋಲ್ ಬರೆದು, ಎದೆಹಾಲು ನಿಲ್ಲಿಸಿ ಎಂದರು. ಹಾಲು ನಿಲ್ಲಿಸಿ ಎಂಬ ಮಾತು ಕೇಳಿ ನನಗೆ ಆದ ಸಂಕಟವನ್ನು ಬರೆಯಲು ಶಬ್ದಗಳಿಲ್ಲ. ಮಾತ್ರೆ ಆರಂಭಿಸುವ ಮೊದಲು ನನ್ನ ಹಳೆಯ ವೈದ್ಯರಿಗೆ ದೂರವಾಣಿ ಮಾಡಿದೆ. ಅವರು ಎರಡೇ ದಿನದಲ್ಲಿ ಶಿವಮೊಗ್ಗದ ಹಾರ್ಮೋನ್ ತಜ್ಞರೊಬ್ಬರನ್ನು ಕಾಣುವ ಏರ್ಪಾಡು ಮಾಡಿದರು.

ಆ ತಜ್ಞೆ ನನ್ನ ಕಣ್ಣುಗಳನ್ನೂ ಕೊರಳನ್ನೂ ಪರೀಕ್ಷಿಸಿ, ಹೆರಿಗೆಯಾಗಿ ಎಷ್ಟು ವಾರವಾಯಿತೆಂದು ಲೆಕ್ಕ ಹಾಕಿ, ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ಬೆರಗಾಗಿಸಿತು: “ಕೂದಲಿಗೆ ಅಂತ ಏನಾದರೂ ಮಾತ್ರೆ ತಗೋತಾ ಇದ್ದೀರಾ?” ಹಲವು ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆಗಳೇ ಬಯೋಟಿನ್ ಬಳಸಿ ನಡೆಯುವಂಥವಾದ್ದರಿಂದ, ರಕ್ತದಲ್ಲಿ ಅದು ಅಧಿಕವಾಗಿದ್ದರೆ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಇರುವುದಕ್ಕಿಂತ ಹೆಚ್ಚಾಗಿಯೂ ಕಾಣುತ್ತದೆ, ಗ್ರೇವ್ಸ್ ಪತ್ತೆಗೆ ಮಾಡುವ ಪ್ರತಿಕಾಯ ಪರೀಕ್ಷೆಯೂ ಸುಳ್ಳು ಹೇಳಬಹುದು. ಒಂದು ವಾರ ಬಯೋಟಿನ್ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್ 0.06, ಫ್ರೀ ಟಿ4 2.2. ಏರಿಕೆ ನಿಜವೇ, ಆದರೆ ಮೊದಲ ವರದಿ ತೋರಿಸಿದಷ್ಟಲ್ಲ. ಗ್ರೇವ್ಸ್‌ನ ಪ್ರತಿಕಾಯಗಳು ಇರಲಿಲ್ಲ.

ಇದು ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ ಎಂದು ಅವರು ನಿರ್ಧರಿಸಿ ಹೇಳಿದರು. ಬಸಿರಿನಲ್ಲಿ ಮಗುವಿಗಾಗಿ ತಗ್ಗಿದ್ದ ರಕ್ಷಣಾ ವ್ಯವಸ್ಥೆ ಹೆರಿಗೆಯ ನಂತರ ಮತ್ತೆ ಹುರುಪುಗೊಂಡು ಥೈರಾಯ್ಡ್ ಮೇಲೆ ಎರಗುತ್ತದೆ. ಗಾಯಗೊಂಡ ಗ್ರಂಥಿಯಿಂದ ಅದು ಕೂಡಿಟ್ಟಿದ್ದ ಹಾರ್ಮೋನ್ ಸೋರಿ ರಕ್ತಕ್ಕೆ ಬರುತ್ತದೆ. ಹೊಸದಾಗಿ ತಯಾರಾಗುವುದೇ ಹೆಚ್ಚಾಗಿಲ್ಲದ ಕಾರಣ, ತಯಾರಿಯನ್ನು ತಡೆಯುವ ಕಾರ್ಬಿಮಜೋಲ್‌ನಿಂದ ಪ್ರಯೋಜನವಿಲ್ಲ. ಉಬ್ಬಸದ ತೊಂದರೆ ಇಲ್ಲವೆಂದು ಕೇಳಿ ಖಚಿತಪಡಿಸಿಕೊಂಡು, ಎದೆಬಡಿತಕ್ಕಾಗಿ ಪ್ರೊಪ್ರನೊಲಾಲ್ 10 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟರು. ಹಾಲು ನಿಲ್ಲಿಸಬೇಕಾಗಿಲ್ಲ ಎಂದರು. ನಾನು ಅಲ್ಲೇ, ಅವರ ಎದುರಿಗೇ ಅತ್ತುಬಿಟ್ಟೆ. ಟಿಪಿಒ ಪ್ರತಿಕಾಯಗಳಿರುವ ಬಸುರಿಯರಲ್ಲಿ ಮೂರರಲ್ಲಿ ಒಬ್ಬರಿಗಿಂತ ಕಡಿಮೆಯಿಲ್ಲದಷ್ಟು ಜನರಿಗೆ ಇದು ಬರುತ್ತದೆಂದೂ, ಸೋರಿ ಮುಗಿದ ಗ್ರಂಥಿ ಬರಿದಾದಾಗ ಎರಡನೆಯ ಹಂತ ಬರಬಹುದೆಂದೂ ಎಚ್ಚರಿಸಿ, ನಾಲ್ಕರಿಂದ ಆರು ವಾರಕ್ಕೊಮ್ಮೆ ಪರೀಕ್ಷೆ ತಪ್ಪಿಸಕೂಡದೆಂದರು.

ಆ ಎರಡನೆಯ ಹಂತ ಏಳನೆಯ ತಿಂಗಳಲ್ಲಿ ಬಂತು. ಆರು ತಿಂಗಳ ರಜೆ ಮುಗಿದು ಕಾಲೇಜಿಗೆ ಮರಳಿದ್ದೆ. ಕರಿಹಲಗೆಯ ಎದುರು ನಿಂತು ವರ್ಷಗಳಿಂದ ಮಾಡಿದ ಪಾಠದ ಮುಂದಿನ ವಾಕ್ಯ ನೆನಪಾಗದೆ ಸುಮ್ಮನೆ ನಿಂತ ದಿನಗಳಿವೆ. ದನಿ ಒಡೆಯಿತು. ಬಿರುಬೇಸಿಗೆಯಲ್ಲಿ ಚಳಿಯೆನಿಸಿ ಶಾಲು ಹೊದೆಯುತ್ತಿದ್ದೆ. ಮಲಬದ್ಧತೆ, ಊದಿದ ಮುಖ ಇವೆಲ್ಲವನ್ನೂ ಸಹಿಸಬಹುದಿತ್ತು. ರಾತ್ರಿ ಮಗು ಅತ್ತಾಗ ಆ ಅಳು ಎಲ್ಲೋ ದೂರದಿಂದ, ಬೇರೆ ಯಾರದೋ ಮನೆಯಿಂದ ಬರುತ್ತಿರುವಂತೆ ಕೇಳಿಸುತ್ತಿದ್ದುದನ್ನು ಮಾತ್ರ ಸಹಿಸಲಾಗುತ್ತಿರಲಿಲ್ಲ. ನಾನು ಒಳ್ಳೆಯ ತಾಯಿಯಲ್ಲ ಎಂಬ ಯೋಚನೆ ಹಗಲಿಡೀ ಕಾಡುತ್ತಿತ್ತು. “ಮಗು ಆದಮೇಲೆ ಎಲ್ಲರಿಗೂ ಸುಸ್ತು ಇದ್ದದ್ದೇ ಕಣಮ್ಮ” ಎಂದು ಅತ್ತೆ ಹೇಳಿದ್ದು ಪ್ರೀತಿಯಿಂದಲೇ. ಆದರೆ ಈ ಸಲ ಪರೀಕ್ಷೆಯ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಾಗಿತ್ತು, ನನ್ನ ಪತಿ ಅದನ್ನು ಮರೆಯಲಿಲ್ಲ. ಟಿಎಸ್‌ಎಚ್ 38 ಬಂದಿತ್ತು. ತಜ್ಞೆ ಮನಸ್ಸಿನ ಸ್ಥಿತಿಯ ಬಗ್ಗೆ ಒಂದೊಂದಾಗಿ ಪ್ರಶ್ನೆ ಕೇಳಿ, ಬದುಕು ಬೇಡವೆನ್ನಿಸಿದೆಯೇ ಎಂಬುದನ್ನೂ ನೇರವಾಗಿಯೇ ಕೇಳಿ, ಲೆವೊಥೈರಾಕ್ಸಿನ್ 75 ಆರಂಭಿಸಿದರು. ಆರು ವಾರಗಳಾದ ಮೇಲೂ ಮನಸ್ಸು ಹಗುರವಾಗದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು, ಎಲ್ಲವನ್ನೂ ಥೈರಾಯ್ಡ್ ತಲೆಗೆ ಕಟ್ಟಬಾರದು ಎಂದೂ ಹೇಳಿದರು. ನನಗೆ ಹಗುರವಾಯಿತು. ಮೂರನೆಯ ವಾರದ ಒಂದು ನಸುಕಿನಲ್ಲಿ ಮಗಳು ಕೆಮ್ಮಿದ ಸದ್ದಿಗೇ ಎಚ್ಚರಾಗಿ ಎದ್ದು ಕುಳಿತಿದ್ದೆ.

ಬಹುಪಾಲು ಮಹಿಳೆಯರಲ್ಲಿ ಈ ಉರಿಯೂತ ಸುಮಾರು ಒಂದು ವರ್ಷದಲ್ಲಿ ಶಮನವಾಗುತ್ತದೆ, ಕೆಲವರಲ್ಲಿ ಕೊರತೆ ಶಾಶ್ವತವಾಗಿ ಉಳಿಯುತ್ತದೆ. ಮಗಳಿಗೆ ಹದಿನೈದು ತಿಂಗಳಾದಾಗ ಮಾತ್ರೆಯನ್ನು ಅರ್ಧಕ್ಕಿಳಿಸಿ ನೋಡಿದರು, ಟಿಎಸ್‌ಎಚ್ 9.4ಕ್ಕೆ ಏರಿತು. ನಾನು ಎರಡನೆಯ ಗುಂಪಿಗೆ ಸೇರಿದವಳೆಂದು ಆಗ ತಿಳಿಯಿತು, ಅದರಿಂದ ನನಗೆ ದುಃಖವಾಗಲಿಲ್ಲ.

ನನಗೆ ಈಗಲೂ ನೋಯುವುದು ಆ ಹದಿನಾಲ್ಕನೆಯ ವಾರದ ದಿನ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಮತ್ತೆ ಒಂಬತ್ತನೆಯ ತಿಂಗಳಿನಲ್ಲಿ ಪ್ರತಿ ತಾಯಿಯೂ ಮಗುವಿನ ಲಸಿಕೆಗಾಗಿ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕುಳಿತೇ ಇರುತ್ತಾಳೆ. ಈ ಕಾಯಿಲೆ ಏರುವ ಕಾಲವೂ ಇಳಿಯುವ ಕಾಲವೂ ಹೆಚ್ಚುಕಡಿಮೆ ಆ ದಿನಗಳ ಆಸುಪಾಸಿನಲ್ಲೇ ಬರುತ್ತವೆ. ಬಸಿರಿನಲ್ಲಿ ಥೈರಾಯ್ಡ್ ಇದ್ದವಳಿಗೆ, ಪ್ರತಿಕಾಯಗಳಿದ್ದವಳಿಗೆ, ಅದೇ ದಿನ ಒಂದು ಸೀಸೆ ರಕ್ತ ತೆಗೆದರೆ, ಅದಾಗದಿದ್ದರೆ ನಾಡಿ ಹಿಡಿದು ನಿದ್ದೆ ಹೇಗಿದೆ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಬಾಣಂತಿ ಮೈ ಎಂಬ ಮಾತಿನಲ್ಲೇ ವಿಷಯ ಮುಗಿದುಹೋಗದು. ಕಳೆದ ವರ್ಷ ನಾದಿನಿಯ ಬಾಣಂತನ ನಮ್ಮ ಮನೆಯಲ್ಲೇ ನಡೆಯಿತು. ಅವಳಿಗೂ ಬಸಿರಿನಲ್ಲಿ ಪ್ರತಿಕಾಯಗಳಿದ್ದವು. ಮಗುವಿನ ಲಸಿಕೆಯ ಪ್ರತಿ ದಿನಾಂಕದ ಪಕ್ಕದಲ್ಲೂ ಅವಳ ಹೆಸರು ಬರೆದು, ಲಸಿಕೆ ಮುಗಿಸಿ ಬರುವ ದಾರಿಯಲ್ಲೇ ಪ್ರಯೋಗಾಲಯಕ್ಕೆ ಕರೆದೊಯ್ದೆ. ಮೂರನೆಯ ಸಲದ ಪರೀಕ್ಷೆಯಲ್ಲಿ ಅವಳ ಟಿಎಸ್‌ಎಚ್ ಕೆಳಗಿತ್ತು. ಅವಳಿಗೆ ಎದೆಬಡಿತ ಇನ್ನೂ ಆರಂಭವಾಗಿರಲಿಲ್ಲ.

ನಾನೀಗ ಎರಡನೆಯ ಬಾರಿ ಬಸುರಿ. ಗರ್ಭ ನಿಲ್ಲುವ ಮೊದಲೇ ಟಿಎಸ್‌ಎಚ್ ಅನ್ನು 2.5ರ ಕೆಳಗೆ ತಂದುಕೊಂಡಿದ್ದೆವು. ಬಸಿರು ಖಚಿತವಾದ ದಿನದಿಂದಲೇ, ವೈದ್ಯರ ಭೇಟಿಗೆ ಕಾಯದೆ, ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ನುಂಗಬೇಕೆಂದು ತಜ್ಞೆ ಮುಂಚೆಯೇ ಬರೆದುಕೊಟ್ಟಿದ್ದರು. ಆ ಚೀಟಿ ತಿಂಗಳುಗಟ್ಟಲೆ ಮಾತ್ರೆಯ ಸೀಸೆಗೆ ಸುತ್ತಿಕೊಂಡೇ ಇತ್ತು. ಬುಧವಾರ ಮತ್ತು ಭಾನುವಾರ ಎರಡೆರಡು, ಉಳಿದ ದಿನ ಒಂದೊಂದು. ಹೋದ ವಾರಕ್ಕೆ ಇಪ್ಪತ್ತು ತುಂಬಿತು, ಟಿಎಸ್‌ಎಚ್ 1.9 ಇದೆ. ಮುಂದಿನ ಪರೀಕ್ಷೆಗಳ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿದ್ದೇವೆ. ಹೆರಿಗೆಯ ನಂತರದ ತಿಂಗಳುಗಳು ಮುಂದಿನ ವರ್ಷಕ್ಕೆ ಸೇರುವುದರಿಂದ, ಹೊಸ ಕ್ಯಾಲೆಂಡರ್ ಬರುವವರೆಗೆ ಅವನ್ನು ಅದೇ ಗೋಡೆಗೆ ಅಂಟಿಸಿದ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ.